ಅಡಿಕೆ ಒಲೆಯ ಸೌದೆ: ಬಡ್ಡಿಯೋ, ಅಸಲೋ?

ಬಾಗಲಕೋಟೆಯ ನವನಗರದಲ್ಲಿರುವ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನಮ್ಮ ಸದಸ್ಯರು ಆಗಾಗ್ಗೆ ಹೋಗಿಬರುವುದುಂಟು. ಶಿರಸಿಯ ತೋಟಗಾರಿಕೆ ಮಹಾವಿದ್ಯಾಲಯ ಅದರ ಆಡಳಿತಕ್ಕೇ ಸೇರಿದ್ದು. ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಅಲ್ಲಿ ಮರವೇ ಇಲ್ಲ, ಒಲೆ ಹೇಗೆ ಉರಿಸುತ್ತಾರೋ!' ಉತ್ತರ ದಾರಿಯಲ್ಲೇ ಇದೆ. ಹಳ್ಳಿಯ ಮನೆಗಳ ಹಿಂದೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಬಣವೆಗಳಿವೆ. ಹಳ್ಳದ ಬದಿಗೆ ಬಳ್ಳಾರಿ ಜಾಲಿ ಕಡಿದಷ್ಟೂ ಚಿಗುರುತ್ತದೆ. ಮುಧೋಳ, ಮಹಾಲಿಂಗಪುರದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಕಾಯಿಸುವುದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಬೆಳೆ ತನ್ನ ಉರುವಲನ್ನು ತಾನೇ ಕೊಡುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಆ ಸೀಮೆಯವರಿಗೆ ಬೇರೆ ಆಸರೆಯಿಲ್ಲ, ಆದ್ದರಿಂದ ಲೆಕ್ಕವಿದೆ. ಅದರ ಮೂರು ನಾಲ್ಕು ಪಟ್ಟು ಮಳೆ ಬೀಳುವ ನಮಗೆ ಕಾಡಿನ ಆಸರೆಯಿದೆ; ಲೆಕ್ಕವಿಲ್ಲ.

ಸೌದೆಯನ್ನು 'ನವೀಕರಿಸಬಹುದಾದ ಇಂಧನ' ಎನ್ನುತ್ತಾರೆ. ಕಲ್ಲಿದ್ದಲು, ಸೀಮೆಎಣ್ಣೆಗಳಂತೆ ಒಮ್ಮೆ ಉರಿದರೆ ಮುಗಿದುಹೋಗುವ ವಸ್ತುವಲ್ಲ, ಮತ್ತೆ ಬೆಳೆಯುತ್ತದೆ ಎಂಬುದು ಇದರ ಅರ್ಥ. ಉರಿದಾಗ ಹೊರಬಿದ್ದ ಇಂಗಾಲವನ್ನು ಬೆಳೆಯುವ ಮರ ಮತ್ತೆ ಹೀರಿಕೊಳ್ಳುತ್ತದೆ. ಆದರೆ ಈ ಮಾತಿಗೆ ಒಂದು ಷರತ್ತು ಅಂಟಿಕೊಂಡಿದೆ. ಒಂದು ಬೆಟ್ಟ ವರ್ಷಕ್ಕೆ ಎಷ್ಟು ಮರ ಬೆಳೆಸುತ್ತದೆಯೋ ಅಷ್ಟನ್ನೇ ತೆಗೆದರೆ ಅದು ಬಡ್ಡಿ. ಅದಕ್ಕಿಂತ ಒಂದು ಹೊರೆ ಹೆಚ್ಚು ತೆಗೆದರೂ ಅಸಲಿಗೆ ಕೈ ಹಾಕಿದಂತೆ. ಸಹಕಾರ ಸಂಘದ ಸದಸ್ಯರಿಗೆ ಇದನ್ನು ಇನ್ನೂ ವಿವರಿಸಬೇಕಾಗಿಲ್ಲ. ಅಸಲು ಕರಗಿದ ಬೆಟ್ಟದಲ್ಲಿ ಸೌದೆ ಮಾತ್ರವಲ್ಲ, ತೋಟಕ್ಕೆ ಹಾಕುವ ಸೊಪ್ಪೂ ಇರುವುದಿಲ್ಲ, ತೋಟದ ಅಬ್ಬಿಯಲ್ಲಿ ಬೇಸಿಗೆಯ ನೀರೂ ಇರುವುದಿಲ್ಲ.

ಈ ಲೆಕ್ಕವನ್ನು ನಮ್ಮ ರಾಜ್ಯದಲ್ಲಿ ಶಾಸ್ತ್ರೀಯವಾಗಿ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ಮನೆಮನೆಗೆ ಹೋಗಿ ಎಷ್ಟು ಸೌದೆ, ಎಷ್ಟು ಎಣ್ಣೆ, ಎಷ್ಟು ಆಳು-ಎತ್ತಿನ ದುಡಿಮೆ ಎಂದು ಅಳೆದರು. ಹಳ್ಳಿ ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸೌದೆಯದೇ ಎಂದು ತಿಳಿಯಿತು; ವಿದ್ಯುತ್ತಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ. ಆ ಸೌದೆಯಲ್ಲಿ ಹೆಚ್ಚಿನದು ಕಡಿದ ಮರವಲ್ಲ, ಆರಿಸಿ ತಂದ ಕಡ್ಡಿ-ಕೊಂಬೆ ಎಂಬುದನ್ನೂ ಗಮನಿಸತಕ್ಕದ್ದು. ಕಾಡು ಹಾಳಾಗುವುದಕ್ಕೆ ಹೆಂಗಸರ ತಲೆಹೊರೆಯೇ ಕಾರಣವೆಂದು ಹೇಳುತ್ತಿದ್ದವರಿಗೆ ಇದು ಒಳ್ಳೆಯ ಉತ್ತರವಾಯಿತು.

ನಮ್ಮ ಮನೆಗಳ ಸ್ಥಿತಿ ಬೇರೆ. ಅಡುಗೆಗೆ ಈಗ ಬಹುಪಾಲು ಗ್ಯಾಸ್ ಬಂದಿದೆ. ಸೌದೆ ಹೋಗುವುದು ಎರಡು ಕಡೆಗೆ: ಬಚ್ಚಲು ಒಲೆಗೆ ಮತ್ತು ಅಡಿಕೆ ಬೇಯಿಸುವ ಒಲೆಗೆ. ಚಾಲಿ ಮಾಡುವ ದಕ್ಷಿಣ ಕನ್ನಡದವರಿಗೆ ಎರಡನೆಯ ಖರ್ಚಿಲ್ಲ, ಅವರದು ಬಿಸಿಲಿನ ಕೆಲಸ. ಕೆಂಪಡಿಕೆ ಮಾಡುವ ಶಿರಸಿ, ಸಾಗರ, ತೀರ್ಥಹಳ್ಳಿಯ ಕಡೆಯವರೇ ಈ ಲೆಕ್ಕಕ್ಕೆ ಮುಖ್ಯ.

ಒಂದು ಹಂಡೆಯಲ್ಲಿ 100 ಲೀಟರ್ ನೀರಿದೆ ಎಂದುಕೊಳ್ಳೋಣ. ಅದನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 7,500 ಕಿಲೋಕ್ಯಾಲೊರಿ ಶಾಖ ಸಾಕು. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 3,500 ಕಿಲೋಕ್ಯಾಲೊರಿ ಕೊಡುತ್ತದೆ. ಅಂದರೆ ಎರಡು ಕಿಲೋ ಚಿಲ್ಲರೆ ಸೌದೆಯಲ್ಲಿ ಕೆಲಸ ಮುಗಿಯಬೇಕು! ಮುಗಿಯುವುದಿಲ್ಲ. ಏಕೆಂದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ನೂರರಲ್ಲಿ ಹತ್ತು ಪಾಲಿನ ಆಸುಪಾಸು ಶಾಖ ಮಾತ್ರ ಪಾತ್ರೆಗೆ ತಗಲುತ್ತದೆ, ಉಳಿದದ್ದು ಗಾಳಿಗೆ. ಆಗ ಸೌದೆ 21 ಕಿಲೋ ಬೇಕಾಗುತ್ತದೆ. ಕಬ್ಬಿಣದ ಜಾಲರಿ, ಮುಚ್ಚುವ ಬಾಯಿ, ಹೊಗೆಗೂಡು ಇರುವ ಒಲೆಯಲ್ಲಿ ಮೂವತ್ತು ಪಾಲು ತಗಲಿದರೆ 7 ಕಿಲೋ ಸಾಕು. 1980ರ ದಶಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಹಳ್ಳಿಹಳ್ಳಿಗೆ ಮುಟ್ಟಿಸಿದ ಅಸ್ತ್ರ ಒಲೆಯ ಗುಟ್ಟು ಇಷ್ಟೇ. ಅಡಿಕೆ ಒಲೆಗೂ ಇದೇ ತತ್ತ್ವ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಬೇಯಿಸುವ ಆಳುಗಳು ಒಪ್ಪುವುದು ಕಷ್ಟ. ನೀರು ಒಮ್ಮೆ ಕುದಿಯಲು ತೊಡಗಿದ ಮೇಲೆ ಎಷ್ಟೇ ಉರಿ ಹಾಕಿದರೂ ಅದರ ಬಿಸಿ ಏರುವುದಿಲ್ಲ. ಅಡಿಕೆ ಬೇಗ ಬೇಯುವುದೂ ಇಲ್ಲ. ನೀರು ಹಬೆಯಾಗಿ ಹೋಗುತ್ತದೆ, ಅಷ್ಟೇ. ಹಾಗೆ ಹೋದ ಒಂದೊಂದು ಲೀಟರ್ 540 ಕಿಲೋಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಹಂಡೆಯ ಬಾಯಿಗೆ ಮುಚ್ಚಳ ಹಾಕುವುದು ಒಲೆ ಬದಲಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಇದಕ್ಕೆ ಸಾಲ ಬೇಕಾಗಿಲ್ಲ.

ಹಸಿ ಸೌದೆಯ ವಿಚಾರ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂಥ ಸೌದೆ ಕಿಲೋಗೆ 2,000 ಕಿಲೋಕ್ಯಾಲೊರಿಯನ್ನೂ ಕೊಡಲಾರದು. ಮೇಲಾಗಿ ಅದು ಹೊಗೆಯುತ್ತದೆ, ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡ ಇಂಧನ. ಕೊಯ್ಲು ಬಂದಾಗ ಬೆಟ್ಟಕ್ಕೆ ಕತ್ತಿ ಹಿಡಿದು ಓಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಈ ವರ್ಷದ ಅಡಿಕೆಗೆ ಕಳೆದ ಬೇಸಿಗೆಯಲ್ಲೇ ಸೀಳಿ, ಮಳೆಗೆ ಮುಂಚೆ ಕೊಟ್ಟಿಗೆ ಸೇರಿಸಿದ ಸೌದೆ ಇರಬೇಕು.

ಇನ್ನು ಬೆಟ್ಟದ ಕಡೆಗೆ ಬರೋಣ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ನಡೆದುಬಂದಿದೆ. ನೆಲ ಅರಣ್ಯದ್ದು, ಸೊಪ್ಪು, ತರಗೆಲೆ, ಒಣ ಸೌದೆ ತೋಟಿಗನದು, ಅದೂ ಸ್ವಂತ ಬಳಕೆಗೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು ಗುತ್ತಿಗೆಯ ಕಡಿತದ ವಿರುದ್ಧ. ಆದರೆ ಆ ಅಪ್ಪಿಕೋ ಚಳುವಳಿಯ ಘೋಷಣೆಯಲ್ಲಿ 'ಉಳಿಸು, ಬೆಳೆಸು' ಎಂಬುದರ ಜೊತೆಗೆ 'ಬಳಸು' ಎಂಬ ಮೂರನೆಯ ಮಾತೂ ಇತ್ತು. ಮೊದಲ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡರು. ಹಿತವರಿತು ಬಳಸುವ ಮೂರನೆಯ ಮಾತಿನ ಕೆಲಸ ನಮ್ಮ ಅಂಗಳಗಳಲ್ಲಿ ಹಾಗೇ ಉಳಿದಿದೆ.

ಬೆಳೆದಷ್ಟನ್ನೇ ಬಳಸುವುದು ಸಾಧ್ಯವೇ ಎಂದು ಕೇಳುವವರು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯನ್ನು ನೆನೆಯಬೇಕು. ವಿಜ್ಞಾನ ಸಂಸ್ಥೆಯವರು ಅಲ್ಲಿ ಊರಿನ ನೆಲದಲ್ಲಿ ಸೌದೆಯ ತೋಪು ಬೆಳೆಸಿ, 1988ರಲ್ಲಿ ಕಟ್ಟಿಗೆಯಿಂದ ಅನಿಲ ಮಾಡುವ ಯಂತ್ರ ಕೂರಿಸಿದರು. ಆ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಪಡೆದರು. ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಎಲ್ಲವೂ ಒಂದು ದಶಕಕ್ಕೂ ಮಿಕ್ಕಿ ಹಾಗೆ ನಡೆದವು. ಇಂಥ ಯಂತ್ರಕ್ಕೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಕಿಲೋದ ಆಸುಪಾಸು ಒಣ ಸೌದೆ ಬೇಕು. ನಾವು ಮೆಚ್ಚುವುದು ಯಂತ್ರವನ್ನಲ್ಲ, ಅದಕ್ಕೆ ಮುಂಚೆ ತೋಪನ್ನು ನೆಟ್ಟ ಕ್ರಮವನ್ನು.

ಯಾವ ಮರ, ಯಾರಿಗಾಗಿ ಎಂಬುದೂ ಯೋಜನೆಯ ಭಾಗವೇ. ಗೋಮಾಳಗಳಲ್ಲಿ ಕಾರ್ಖಾನೆಗೆಂದು ನೀಲಗಿರಿ ನೆಟ್ಟಾಗ, 1987ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಎಂದು ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಟನ್ನಿನ ಲೆಕ್ಕ ಸರಿಯಾಗಿದ್ದರೂ ಮೇವಿನ, ಉರುವಲಿನ ಲೆಕ್ಕ ತಪ್ಪಿತ್ತು.

ನಮ್ಮ ಸದಸ್ಯರಿಗೆ ನಾವು ಸೂಚಿಸುವುದು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ. ಸೊಪ್ಪು ತೋಟಕ್ಕೆ, ಕೋಲು ಒಲೆಗೆ. ಕಡಿದರೆ ಮತ್ತೆ ಚಿಗುರುತ್ತದೆ. ಸ್ವಂತ ಹಿತ್ತಲಿನ ಬೇಲಿ ಸಾಲಿನಲ್ಲೇ ಬೆಳೆಸಬಹುದು. ಬೇಲಿಯನ್ನು ನಾಲ್ಕು ಭಾಗ ಮಾಡಿ ವರ್ಷಕ್ಕೊಂದರಂತೆ ಸರದಿಯ ಮೇಲೆ ಕಡಿಯಿರಿ. ಚಿಗುರಿಗೆ ದನ ಬಾಯಿ ಹಾಕದಂತೆ ಮೊದಲ ಮಳೆಗಾಲ ಕಾಯಿರಿ. ಬೆಟ್ಟದಲ್ಲಿ ಮಾತ್ರ ಮರ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಲ್ಲಿ ಸೊಪ್ಪು ಸವರುವಾಗ ಮತ್ತಿ, ಹೊನ್ನೆ, ನೇರಳೆಗಳ ತುದಿಯ ಮೂರನೆಯ ಒಂದು ಭಾಗವನ್ನು ಮುಟ್ಟದೆ ಬಿಡಬೇಕು. ಎಲೆಯೇ ಇಲ್ಲದ ಮರ ಏನನ್ನು ಬೆಳೆಸೀತು?

ಕಾಫಿ ಬೆಳೆಗಾರರಿಗೆ ಈ ಮಟ್ಟಿಗೆ ಅನುಕೂಲ ಹೆಚ್ಚು. ವರ್ಷವರ್ಷ ಮರಗಸಿ ಆದಾಗ ಬಿದ್ದ ಸಿಲ್ವರ್ ಕೊಂಬೆ, ಕಸಿಯಲ್ಲಿ ಬಂದ ಕಾಫಿ ಕಡ್ಡಿ, ಕಿತ್ತ ಹಳೆಯ ಬುಡಗಳು ಲೈನುಮನೆಗಳ ಒಲೆಗೆ ಸಾಲುತ್ತವೆ, ತೂಕ ಮಾಡಿ ಹಂಚಿದರೆ. ಅಡಿಕೆಯವರಿಗೂ ಸುಲಿದ ಸಿಪ್ಪೆ, ಉದುರಿದ ಸೋಗೆ ಇವೆ. ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಸೌದೆಗೆ ಬೆಟ್ಟ ಹತ್ತುವುದು ಮಹಾಲಿಂಗಪುರದ ಆಲೆಮನೆಯವರಿಗೆ ತಮಾಷೆಯಾಗಿ ಕಂಡೀತು. ಆದರೆ ಸೋಗೆಯನ್ನೆಲ್ಲ ಒಲೆಗೆ ಹಾಕಬಾರದು, ಮಣ್ಣಿಗೂ ಅದರ ಪಾಲಿದೆ.

ಇದಕ್ಕೆಲ್ಲ ಮೊದಲು ಅಂಕಿ ಬೇಕು. ಈ ಕೊಯ್ಲಿನಲ್ಲಿ ಸದಸ್ಯರು ಕನಿಷ್ಠ ಮೂರು ಹಂಡೆಗಳ ಸೌದೆಯನ್ನು ಒಲೆಗೆ ಹಾಕುವ ಮುನ್ನ ತೂಗಿ, ಹಂಡೆಯ ಅಳತೆ, ಅಡಿಕೆಯ ತೂಕ, ಒಲೆಯ ಬಗೆ, ಸೌದೆ ಹಸಿಯೋ ಒಣಗಿದ್ದೋ ಎಂಬುದನ್ನು ಬರೆದಿಡಬೇಕೆಂದು ಕೋರುತ್ತೇವೆ. ಇದಕ್ಕಾಗಿ ಒಂದು ಹಾಳೆಯ ನಮೂನೆ ಸಂಘದ ಕಚೇರಿಯಲ್ಲಿ ದೊರೆಯುತ್ತದೆ. ತೂಕದ ಕೊಕ್ಕೆ ಇಲ್ಲದವರು ಗೋದಾಮಿನಿಂದ ಒಯ್ದು, ಎರಡು ದಿನದಲ್ಲಿ ತಪ್ಪದೆ ಹಿಂದಿರುಗಿಸಬಹುದು.