ಲಕ್ಷದ್ವೀಪದ ಹವಳ ಸಾಯ್ತಾ ಇದೆ: ದ್ವೀಪದವರು ಕಳೆದುಕೊಳ್ಳೋದು ಏನೇನು?

ಮಂಗಳೂರು ಹಳೇ ಬಂದರಿನಿಂದ ತರಕಾರಿ, ದಿನಸಿ, ಜಲ್ಲಿ, ಸಿಮೆಂಟ್ ತುಂಬಿಕೊಂಡು ಮಂಜಿಗಳು ಹೋಗುವುದು ಲಕ್ಷದ್ವೀಪಕ್ಕೆ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ಈಗ ಆ ದ್ವೀಪಗಳನ್ನು ಕಾಯುವ ಹವಳದ ದಿಬ್ಬಗಳೇ ಕಷ್ಟದಲ್ಲಿವೆ.

ಹವಳ ಬಿಳಿಚೋದು ಯಾಕೆ?
ಹವಳ ಕಲ್ಲಲ್ಲ, ಸಣ್ಣ ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಂಡ ಮನೆ. ಅವುಗಳ ಮೈಯೊಳಗಿನ ಪಾಚಿಯೇ ಬಣ್ಣವನ್ನೂ ಹೆಚ್ಚಿನ ಆಹಾರವನ್ನೂ ಕೊಡುತ್ತದೆ. ಬೇಸಿಗೆಯ ಮಾಮೂಲಿ ಬಿಸಿಗಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಇದ್ದರೆ ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ.

ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಗಿದೆ. 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳ 24 ವರ್ಷಗಳಲ್ಲಿ ಶೇ. 20ಕ್ಕಿಂತ ಕೆಳಗಿಳಿದಿದೆ ಎನ್ನುತ್ತದೆ ಸಂಶೋಧಕರ ಲೆಕ್ಕ. ಚೇತರಿಕೆ ವೇಗ ಪಡೆಯಲು ಕನಿಷ್ಠ ಆರು ವರ್ಷ ಬಿಡುವು ಬೇಕಂತೆ. ಆ ಬಿಡುವೇ ಸಿಗ್ತಾ ಇಲ್ಲ.

ದಿಬ್ಬ ಮಾಡುವ ಕೆಲಸ ಏನು?
ಒಂದು, ತಡೆಗೋಡೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ನಾವು ಕಲ್ಲು ಹಾಕುತ್ತೇವೆ. ಅಲ್ಲಿ ದಿಬ್ಬವೇ ಆ ಕೆಲಸ ಮಾಡುತ್ತದೆ. ಹವಳದ ದಿಬ್ಬ ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ತಗ್ಗಿಸುತ್ತದೆ. ಆದರೆ ಈ ಗೋಡೆ ಬೆಳೆಯುತ್ತಲೇ ಇರಬೇಕು. ಹವಳ ಸತ್ತರೆ ಗೋಡೆ ಸವೆಯುತ್ತದೆ, ಸಮುದ್ರ ಮಾತ್ರ ಏರುತ್ತಲೇ ಇರುತ್ತದೆ. ದ್ವೀಪಗಳ ಎತ್ತರವೋ, ಹೆಚ್ಚಿನ ಕಡೆ ಒಂದೆರಡು ಮೀಟರ್ ಅಷ್ಟೇ.

ಎರಡು, ಕುಡಿಯುವ ನೀರು. ಮರಳಿನಡಿ ಉಪ್ಪುನೀರಿನ ಮೇಲೆ ಮಳೆನೀರು ತೆಳುವಾಗಿ ನಿಂತಿರುತ್ತದೆ. ಬಾವಿಗೆ ಬರೋದು ಅದೇ. ಅಲೆ ದಡ ಹತ್ತಿದರೆ ಬಾವಿ ಉಪ್ಪಾಗುತ್ತದೆ.

ಮೂರು, ಮೀನು. ಅಲ್ಲಿಯವರು ಗಾಳ ಹಾಕಿ ಟ್ಯೂನಾ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ದಿಬ್ಬದ ಒಳಗಿನ ಶಾಂತ ನೀರಲ್ಲೇ ಸಿಗೋದು. ಎರೆ ಇಲ್ಲದಿದ್ದರೆ ಟ್ಯೂನಾನೂ ಇಲ್ಲ.

ಮುಂದೇನು?
ಭೂಮಿಯ ಬಿಸಿ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದ ದಿಬ್ಬಗಳು ಶೇ. 70ರಿಂದ 90ರಷ್ಟು, 2 ಡಿಗ್ರಿಯಾದರೆ ಶೇ. 99ಕ್ಕೂ ಹೆಚ್ಚು ಕುಸಿಯುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2018ರಲ್ಲೇ ಹೇಳಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಡುವುದು ತಗ್ಗದೆ ಇದು ನಿಲ್ಲದು. ಅದು ದ್ವೀಪದವರ ಕೈಯಲ್ಲಿಲ್ಲ.

ಅವರ ಕೈಯಲ್ಲಿರೋದು ಒಂದಿದೆ. ಟ್ಯೂನಾ ನಂಬಿದ್ದರಿಂದ ಅವರು ದಿಬ್ಬದ ಮೀನನ್ನು ಅಷ್ಟಾಗಿ ಹಿಡಿದಿರಲಿಲ್ಲ. ಪಾಚಿ ಮೇಯುವ ಗಿಳಿಮೀನುಗಳು ಉಳಿದವು, ಹೊಸ ಹವಳ ಕೂರಲು ಜಾಗ ಸಿಕ್ಕಿತು. ಈಗ ಮುರು ಮೀನಿನಂಥ ದಿಬ್ಬದ ಮೀನಿಗೂ ಬೇಡಿಕೆ ಬಂದಿದೆ. ಅಲ್ಲಿ ಕೈ ಬಿಗಿಹಿಡಿದರೆ ಹವಳಕ್ಕೆ ಸ್ವಲ್ಪ ಕಾಲಾವಕಾಶ ಸಿಗುತ್ತದೆ.

ನಮ್ಮ ಕರಾವಳಿಯಲ್ಲೂ ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಹವಳ ಇದೆ. ಡೈವಿಂಗ್‌ಗೆ ಹೋದವರು ಮುಟ್ಟಬೇಡಿ, ಮೆಟ್ಟಬೇಡಿ, ತುಂಡು ಮುರಿದು ತರಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.