ಬಾಯಿಂದ ಕಲಿಯುವ ಪಿಟೀಲು

ಹೊಸ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದು ತಂತಿಯ ಮೇಲೆ ಕಮಾನು ಎಳೆದರೆ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಮೋಸ ಹೋದೆವೆಂದು ಅಂಗಡಿಯತ್ತ ಹೊರಡುವವರೂ ಉಂಟು. ವಾದ್ಯ ಕೆಟ್ಟಿರುವುದಿಲ್ಲ, ಕಮಾನಿಗೆ ಕಟ್ಟಿದ ಕುದುರೆ ಬಾಲದ ಕೂದಲಿಗೆ ಇನ್ನೂ ರಾಳ ಹಚ್ಚಿರುವುದಿಲ್ಲ, ಅಷ್ಟೆ. ಪೆಟ್ಟಿಗೆಯ ಮೂಲೆಯಲ್ಲಿ ಜೇನುಬಣ್ಣದ ಒಂದು ಬಿಲ್ಲೆ ಇರುತ್ತದೆ. ಅಂಗಡಿಯವರು ಅದನ್ನು ರೋಸಿನ್ ಎನ್ನುತ್ತಾರೆ. ಪೈನ್ ಮರದ ಅಂಟಿನಿಂದ ಮಾಡಿದ್ದು. ಅದನ್ನು ಕೂದಲಿಗೆ ಚೆನ್ನಾಗಿ ಉಜ್ಜಿದ ಮೇಲೆಯೇ ಪಿಟೀಲಿಗೆ ದನಿ ಹುಟ್ಟುವುದು.

ರಾಳ ಹತ್ತಿದ ಕೂದಲು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರಿಕೊಳ್ಳುತ್ತದೆ, ಕೂದಲು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿತ–ಬಿಡಿತವನ್ನು 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ. ಕಮಾನಿನ ಒತ್ತಡ, ಅದರ ವೇಗ, ಅದು ಕುದುರೆಯಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನಿಂದ) ಇರುವ ದೂರ, ಈ ಮೂರೂ ಹೊಂದಿಕೊಂಡರೆ ನಾದ. ಒತ್ತಡ ಹೆಚ್ಚಾದರೆ ಕೀರಲು, ಕಡಿಮೆಯಾದರೆ ಸೀಟಿ. ಹೊಸಬರು ಪಿಟೀಲು ಕುಯ್ಯುತ್ತಾರೆ ಎಂದು ನೆರೆಹೊರೆಯವರು ಹಲ್ಲು ಕಚ್ಚುವ ತಿಂಗಳುಗಳ ಹಿಂದೆ ಇರುವುದು ಇಷ್ಟೇ ವಿಜ್ಞಾನ. ಎಡಗೈಯ ಕಷ್ಟವನ್ನು ಎಲ್ಲರೂ ಹೇಳುತ್ತಾರೆ. ಆದರೆ ಮೊದಲ ವರ್ಷ ನಿಜವಾಗಿ ಸತಾಯಿಸುವುದು ಬಲಗೈ.

ಎಡಗೈಯ ಕಷ್ಟ ಬೇರೆ ತರಹದ್ದು. ವೀಣೆಯಲ್ಲಿ ಮೆಟ್ಟಿಲುಗಳಿವೆ, ಬೆರಳಿಗೆ ಅವು ದಾರಿ ತೋರಿಸುತ್ತವೆ. ಪಿಟೀಲಿನಲ್ಲಿ ಬರೀ ನುಣುಪಾದ ಕರಿಯ ಪಟ್ಟಿ. ರಿಷಭ ಎಲ್ಲಿದೆ ಎಂದು ಕಣ್ಣು ಹೇಳಲಾರದು, ಕಿವಿಯೇ ಹೇಳಬೇಕು. ಪಟ್ಟಿಯ ಮೇಲೆ ಬಣ್ಣದ ಅಂಟುಪಟ್ಟಿ ಹಚ್ಚಿ ಮಕ್ಕಳಿಗೆ ಜಾಗ ತೋರಿಸುವ ಮೇಷ್ಟ್ರುಗಳಿದ್ದಾರೆ. ಅದನ್ನು ಬೇಗ ಕಿತ್ತುಹಾಕುವವರೇ ಒಳ್ಳೆಯ ಮೇಷ್ಟ್ರು.

ಕಿವಿ ಹೇಳಬೇಕಾದರೆ ಬಾಯಿಗೆ ಮೊದಲು ಬರಬೇಕು. ದಕ್ಷಿಣದ ಪಿಟೀಲು ಪಾಠದ ಗುಟ್ಟು ಇದೇ. ಶಿಷ್ಯ ಸರಳೆ ವರಸೆಯನ್ನು ತಾಳ ಹಾಕಿ ಹಾಡಿ ಒಪ್ಪಿಸುತ್ತಾನೆ, ಆಮೇಲೆ ಕಮಾನು ಎತ್ತಿಕೊಳ್ಳುತ್ತಾನೆ. ಇದಕ್ಕೆ ಮೈಸೂರಿನಷ್ಟು ದೊಡ್ಡ ಸಾಕ್ಷಿ ಬೇರೆಲ್ಲೂ ಸಿಗದು. ಕನ್ನಡನಾಡು ಕಂಡ ಅತಿ ಪ್ರಸಿದ್ಧ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು (1895–1967) ಪಳಗಿದ್ದು ಗಾಯಕ ಬಿಡಾರಂ ಕೃಷ್ಣಪ್ಪನವರ ಬಳಿ. 1910ರಿಂದ 1918ರವರೆಗೆ ಅಲ್ಲಿ ಗುರುಕುಲ. ಗುರು ಹಾಡಿದ್ದನ್ನು ಶಿಷ್ಯ ತಂತಿಯಲ್ಲಿ ಹುಡುಕಬೇಕು.

ಚೌಡಯ್ಯನವರ ಊರು ತಿರುಮಕೂಡಲು ನರಸೀಪುರ, ಕಾವೇರಿ–ಕಪಿಲೆಯರ ಸಂಗಮ. ಅದೇ ಕಾವೇರಿ ಕೆಳಗಿಳಿದು ತಮಿಳುನಾಡಿನ ಭವಾನಿಯಲ್ಲಿ ಮತ್ತೊಂದು ಸಂಗಮ ಕಾಣುತ್ತದೆ. ಅಲ್ಲಿಂದ ನೈರುತ್ಯಕ್ಕೆ ಸರಿದರೆ ಕೊಂಗುನಾಡಿನ ಬಯಲಿನಲ್ಲಿ ಕುನ್ನತ್ತೂರು ಸಿಗುತ್ತದೆ. ತಿರುಪ್ಪೂರು ಜಿಲ್ಲೆಯ ಈ ಪುಟ್ಟ ಪೇಟೆಯ ಒಂದು ಪಕ್ಕ ಬೆಣ್ಣೆಗೆ ಹೆಸರಾದ ಊತ್ತುಕುಳಿ, ಅದರಾಚೆ ಬನಿಯನ್ ಕಾರ್ಖಾನೆಗಳ ತಿರುಪ್ಪೂರು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗದ ಕೇರಿಗಳಲ್ಲಿ ದೇವಾಂಗರು ಇಂದಿಗೂ ಮನೆಯೊಳಗೆ ಕನ್ನಡವಾಡುತ್ತಾರೆ. ಬೀದಿ, ಶಾಲೆ, ವ್ಯಾಪಾರವೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಓದಲು ಬರುವವರು ಕಡಿಮೆ. ಇಂಥ ಮನೆಯ ಮಗುವೊಂದು ಪಿಟೀಲು ಹಿಡಿದರೆ ಅದರ ಮೊದಲ ಪಾಠಗಳು ಕನ್ನಡದ ಹರಿದಾಸರೊಬ್ಬರವು.

ಸರಳೆ, ಜಂಟಿ, ದಾಟು, ಅಲಂಕಾರ ಎಂಬ ಪಾಠಕ್ರಮವನ್ನು ಸಂಪ್ರದಾಯ ಪುರಂದರದಾಸರ ಹೆಸರಿಗೆ ಬರೆದಿದೆ. ಅವುಗಳ ರಾಗ ಮಾಯಾಮಾಳವಗೌಳ. ಪಿಟೀಲಿಗೆ ಇದು ಎಷ್ಟು ಒಗ್ಗುತ್ತದೆ ಎನ್ನುವುದು ಬೆರಳಿಟ್ಟಾಗಲೇ ತಿಳಿಯುವ ಸಂಗತಿ. ಕರ್ನಾಟಕ ಪದ್ಧತಿಯಲ್ಲಿ ನಾಲ್ಕು ತಂತಿಗಳಿಗೆ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು ಶ್ರುತಿ ಕೂಡಿಸುತ್ತಾರೆ. ಮಧ್ಯ ಷಡ್ಜದ ತಂತಿಯನ್ನು ಬೆರಳಿಡದೆ ನುಡಿಸಿದರೆ ಷಡ್ಜ. ಮೂರು ಬೆರಳಿಗೆ ರಿ, ಗ, ಮ. ಮಧ್ಯ ಪಂಚಮದ ತಂತಿಗೆ ದಾಟಿದರೆ ಬೆರಳಿಲ್ಲದೆ ಪಂಚಮ. ಅದೇ ಮೂರು ಬೆರಳಿಗೆ ದ, ನಿ, ಮೇಲಿನ ಸ. ಈ ರಾಗದಲ್ಲಿ ಸ–ರಿ–ಗ–ಮ ನಡುವಿನ ಅಂತರಗಳು ಎಷ್ಟೋ, ಪ–ದ–ನಿ–ಸ ನಡುವಿನವೂ ಅಷ್ಟೇ. ಹಾಗಾಗಿ ಒಂದು ತಂತಿಯಲ್ಲಿ ಬೆರಳು ಕಲಿತ ಜಾಗವನ್ನು ಇನ್ನೊಂದರಲ್ಲಿ ಹೊಸದಾಗಿ ಕಲಿಯಬೇಕಿಲ್ಲ. ದಾಸರು ಪಿಟೀಲನ್ನು ಕಂಡವರಲ್ಲ. ಅವರು ಹಂಪೆಯ ಕಡೆ ಹಾಡುತ್ತಿದ್ದ 16ನೇ ಶತಮಾನದಲ್ಲೇ ಇಟಲಿಯ ಕ್ರೆಮೋನಾದಲ್ಲಿ ಆಂದ್ರೆಯಾ ಅಮಾತಿ ಈ ವಾದ್ಯಕ್ಕೆ ಇಂದಿನ ರೂಪ ಕೊಡುತ್ತಿದ್ದ. ದಾಸರ ಪಾಠ, ಕ್ರೆಮೋನಾದ ವಾದ್ಯ ಎರಡೂ ಒಂದಕ್ಕೊಂದು ಭೇಟಿಯಾಗಲು ಇನ್ನೂ ಎರಡು ಶತಮಾನ ಬೇಕಾಯಿತು.

ಆ ಭೇಟಿ ಮಾಡಿಸಿದ ಕೀರ್ತಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಿಗೆ (1786–1859) ಸಲ್ಲುತ್ತದೆ. ಮದರಾಸಿನ ಪಕ್ಕದ ಮಣಲಿಯಲ್ಲಿದ್ದಾಗ ಯುರೋಪಿನ ವಾದಕರೊಬ್ಬರಿಂದ ಅವರು ಪಿಟೀಲು ಕಲಿತು, ನಮ್ಮ ರಾಗಗಳನ್ನು ಅದರ ಮೇಲೆ ಹರಿಸಿದರು. ತಂಜಾವೂರಿನ ವಡಿವೇಲುವಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ದಂತದ ಪಿಟೀಲನ್ನೇ ಕೊಟ್ಟರು. ವಾದ್ಯದಲ್ಲಿ ನಮ್ಮವರು ಬದಲಿಸಿದ್ದು ಶ್ರುತಿಯನ್ನು ಮತ್ತು ಕೂರುವ ಬಗೆಯನ್ನು. ಮರದ ಮೈಯನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟರು.

ಕೂರುವ ಬಗೆಯನ್ನು ಬರೀ ರೂಢಿ ಎಂದುಕೊಳ್ಳುವುದು ಸರಿಯಲ್ಲ. ಪಶ್ಚಿಮದವರು ಪಿಟೀಲನ್ನು ಗದ್ದಕ್ಕೂ ಭುಜಕ್ಕೂ ನಡುವೆ ಒತ್ತಿ ಹಿಡಿಯುತ್ತಾರೆ. ಇಲ್ಲಿ ನೆಲದ ಮೇಲೆ ಕೂತು, ವಾದ್ಯದ ಬುಡವನ್ನು ಎಡ ಎದೆ–ಭುಜಕ್ಕೆ ಆನಿಸಿ, ತುದಿಯ ಸುರುಳಿಯನ್ನು ಬಲಗಾಲಿನ ಹರಡಿನ ಮೇಲೆ ಇಡುತ್ತಾರೆ. ಎರಡು ಕಡೆ ಆಸರೆ ಸಿಕ್ಕಿದ್ದರಿಂದ ಎಡಗೈಗೆ ವಾದ್ಯ ಹೊರುವ ಕೆಲಸ ತಪ್ಪುತ್ತದೆ. ತಂತಿಯುದ್ದಕ್ಕೂ ಜಾರಿ, ತೂಗಿ, ಗಮಕ ಹೊರಡಿಸಲು ಅದು ಪೂರ್ತಿ ಸ್ವತಂತ್ರ. ಜಾರು ಸಲೀಸಾಗಲೆಂದು ಬೆರಳಿಗೆ ತುಸು ಕೊಬ್ಬರಿ ಎಣ್ಣೆ ಸವರಿಕೊಳ್ಳುವವರಿದ್ದಾರೆ. ಆ ಎಣ್ಣೆ ಕಮಾನಿನ ಕೂದಲಿಗೆ ತಾಗಿತೋ, ರಾಳದ ಹಿಡಿತವೇ ಹೋಗುತ್ತದೆ. ದೊಡ್ಡವರಾದ ಮೇಲೆ ಕಲಿಯಲು ಬರುವವರಿಗೆ ಮೊದಲ ಪರೀಕ್ಷೆ ಸ್ವರದ್ದಲ್ಲ, ಮಂಡಿಯದು.

ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಕ್ಕಳಲ್ಲಿ ಕೆಲವರದು ವಿಚಿತ್ರ ಸಂಕಟ. ಶಾಲೆಯ ಆರ್ಕೆಸ್ಟ್ರಾದಲ್ಲಿ ಕುರ್ಚಿ, ಗದ್ದದ ಹಿಡಿತ, ಪಶ್ಚಿಮದ ಶ್ರುತಿ. ವಾರದ ಕೊನೆಯಲ್ಲಿ ಚಾಪೆ, ಹರಡಿನ ಆಸರೆ, ಸ–ಪ–ಸ–ಪ. ವಿಡಿಯೊ ಕರೆಯಲ್ಲಿ ಬೆಂಗಳೂರಿನ ಗುರುವಿನಿಂದ ಕಲಿಯುವವರಿಗೆ ಇನ್ನೊಂದು ತೊಡಕು: ದನಿ ತಡವಾಗಿ ತಲಪುವುದರಿಂದ ಗುರು–ಶಿಷ್ಯರು ಒಟ್ಟಿಗೆ ನುಡಿಸಲಾಗದು. ಒಬ್ಬರು ನುಡಿಸಿ ನಿಲ್ಲಿಸಿದ ಮೇಲೆಯೇ ಇನ್ನೊಬ್ಬರು. ಶ್ರುತಿಗಂತೂ ಈಗ ಚಿಂತೆಯಿಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಕೆಲಸವನ್ನು ಇಂದು ಫೋನಿನ ಆ್ಯಪ್‌ಗಳೂ ಮಾಡುತ್ತವೆ.

ಮಕ್ಕಳಿಗೆ ಅಳತೆಗೆ ತಕ್ಕ ಪಿಟೀಲೇ ಬೇಕು. ಕಾಲು, ಅರ್ಧ, ಮುಕ್ಕಾಲು, ಪೂರ್ಣ ಎಂಬ ಗಾತ್ರಗಳಲ್ಲಿ ಸಿಗುತ್ತದೆ. ಬೆಳೆಯುತ್ತಾನೆ ಬಿಡಿ ಎಂದು ದೊಡ್ಡದನ್ನೇ ಕೊಡಿಸುವುದು ಚಪ್ಪಲಿಯಲ್ಲಿ ನಡೆದೀತು, ಇದರಲ್ಲಿ ನಡೆಯದು. ಬಿರಡೆಗಳು ತಿರುಗಿಸಿದಲ್ಲಿ ನಿಲ್ಲುತ್ತವೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಜಾರುವ ಬಿರಡೆಯಿದ್ದರೆ ಪಾಠದ ಅರ್ಧ ಹೊತ್ತು ಶ್ರುತಿ ಕೂಡಿಸುವುದರಲ್ಲೇ ಹೋಗುತ್ತದೆ.

ಚೌಡಯ್ಯನವರು 1927ರ ಸುಮಾರಿಗೆ ನಾಲ್ಕು ತಂತಿಗೆ ಇನ್ನೂ ಮೂರನ್ನು ಸೇರಿಸಿದರು. ಮೈಕಿಲ್ಲದ ಕಾಲ, ತುಂಬಿದ ಸಭೆಯಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಬೇಕಿತ್ತು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನದ ಕಟ್ಟಡಕ್ಕೂ ಪಿಟೀಲಿನದೇ ಆಕಾರ. ಅವರ ಶಿಷ್ಯ ಆರ್.ಆರ್. ಕೇಶವಮೂರ್ತಿಯವರೂ ಏಳು ತಂತಿಯನ್ನು ಉಳಿಸಿಕೊಂಡು ಬಂದರು. ಆದರೆ ಇಂದು ಕಲಿಯಹೊರಟವರ ಕೈಗೆ ಸಿಗುವುದು ನಾಲ್ಕು ತಂತಿಯದೇ. ಮೈಸೂರು ನಾಗರಾಜ್, ಮಂಜುನಾಥ್ ಸಹೋದರರು ತಂದೆ ಮಹದೇವಪ್ಪನವರಿಂದ ಕಲಿತು ಲೋಕವನ್ನೆಲ್ಲ ಸುತ್ತಿದ್ದೂ ನಾಲ್ಕರಲ್ಲೇ.

ಕರ್ನಾಟಕದಲ್ಲಾದರೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೆಟ್ಟಿಲುಗಳಿವೆ. ಕುನ್ನತ್ತೂರಿನ ಕಡೆಯವರಿಗೆ ಕೊಯಮತ್ತೂರಿನ ಮಾಲುಮಿಚ್ಚಂಪಟ್ಟಿಯಲ್ಲಿ ಸರಕಾರಿ ಸಂಗೀತ ಕಾಲೇಜಿದೆ. ತಮಿಳುನಾಡು ಸರಕಾರ ಜಿಲ್ಲೆಗಳಲ್ಲಿ ನಡೆಸುವ ಸಂಗೀತ ಶಾಲೆಗಳಲ್ಲಿಯೂ ನಾದಸ್ವರ, ತವಿಲು, ತೇವಾರಗಳ ಜೊತೆ ಪಿಟೀಲು ಕಲಿಸುತ್ತಾರೆ.

ವರಸೆಗಳು ಮುಗಿದ ಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಅವೂ ಪುರಂದರದಾಸರವೇ. ಇಲ್ಲಿಗೆ ಬರೀ ಸ್ವರ ಮುಗಿದು ಮಾತು ಶುರುವಾಗುತ್ತದೆ, ಕಮಾನಿನ ಲೆಕ್ಕ ಬದಲಾಗುತ್ತದೆ. ಅಲ್ಲಿಯವರೆಗೆ ಸ್ವರಕ್ಕೊಂದು ಎಳೆತ, ಎರಡನೆಯ ಕಾಲದಲ್ಲಿ ಎಳೆತಕ್ಕೆ ಎರಡು ಸ್ವರ ಎಂದು ಎಣಿಸುತ್ತಿದ್ದ ಬಲಗೈ ಈಗ ಸಾಹಿತ್ಯದ ಅಕ್ಷರ ನೋಡಿ ತಿರುಗಬೇಕು. ಅಕ್ಷರ ಹೊಸದಾದರೆ ಕಮಾನೂ ತಿರುಗುತ್ತದೆ, ದೀರ್ಘ ಎಳೆದರೆ ಕಮಾನೂ ಎಳೆಯುತ್ತದೆ. ಹಾಡಿದಂತೆ ನುಡಿಸುವುದು ಎಂದರೆ ಇದು. ತಮಿಳುನಾಡಿನಲ್ಲಿ ಈ ಸಾಹಿತ್ಯವನ್ನು ತಮಿಳು ಲಿಪಿಯಲ್ಲೇ ಓದುತ್ತಾರೆ. ಆ ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ; ಅದಕ್ಕಾಗಿ ಅಲ್ಲಿನ ಸಂಗೀತ ಪುಸ್ತಕಗಳು ಅಕ್ಷರದ ಹೆಗಲ ಮೇಲೆ 2, 3, 4 ಎಂದು ಸಣ್ಣ ಅಂಕಿ ಮುದ್ರಿಸುತ್ತವೆ. ಗೀತೆ ದಾಟಿ ದೇವರನಾಮಗಳಿಗೆ ಬಂದಾಗ, ಕೊಂಗುನಾಡಿನ ಕನ್ನಡ ಮನೆಯ ಮಗು ಆ ಅಂಕಿಗಳನ್ನು ನೋಡಬೇಕಾದ ಸಂದರ್ಭ ಕಡಿಮೆ. ಯಾವುದು ಕ, ಯಾವುದು ಗ, ಪದ ಎಲ್ಲಿ ಮುರಿಯುತ್ತದೆ, ಯಾವ ಅಕ್ಷರ ಗಿಡ್ಡ, ಯಾವುದು ಉದ್ದ ಎಂಬುದು ಅಜ್ಜಿಯ ಮಾತು ಕೇಳಿ ಕೇಳಿ ಅದಕ್ಕೆ ಮೊದಲೇ ಗೊತ್ತಿರುತ್ತದೆ.