ಚಳಿಗಾಲದ ಮೂಡುಗಾಳಿ ಮತ್ತು ಕಡಲ ಮೀನುಗಾರಿಕೆ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಸಬಾ. ಇಂಥ ಕಡಲ ಬದಿಯ ಊರಿನಲ್ಲಿ ಇರುವ ನಿಮಗೆ ಚಳಿಗಾಲದ ಗಾಳಿಯ ಪರಿಚಯ ಇದ್ದೇ ಇದೆ. ಡಿಸೆಂಬರ್, ಜನವರಿ ತಿಂಗಳು. ಬೆಳಗಿನ ಜಾವ ಬಾಗಿಲು ತೆರೆದರೆ ತಣ್ಣನೆ ಗಾಳಿ ಬೀಸುತ್ತದೆ. ಅದು ಬರುವುದು ಗುಡ್ಡದ ಕಡೆಯಿಂದ, ಅಂದರೆ ಮೂಡು ದಿಕ್ಕಿನಿಂದ. ಹೋಗುವುದು ಕಡಲಿನ ಕಡೆಗೆ. ಇದೇ ಮೂಡುಗಾಳಿ.

ಈ ಗಾಳಿ ಯಾಕೆ ಹುಟ್ಟುತ್ತದೆ? ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಕಡಲ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ. ನೀರಿನ ಮೇಲಿನ ಬಿಸಿ ಗಾಳಿ ಮೇಲಕ್ಕೆ ಏರುತ್ತದೆ. ಆ ಜಾಗಕ್ಕೆ ನೆಲದ ತಣ್ಣನೆ ಗಾಳಿ ಹರಿದು ಹೋಗುತ್ತದೆ. ಬಿಸಿಲು ಏರಿದ ಮೇಲೆ ಇದೆಲ್ಲ ತಿರುಗುಮುರುಗು. ನೆಲ ಕಾಯುತ್ತದೆ, ಕಡಲಿನಿಂದ ಪಡುಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ರಾತ್ರಿ ಉದ್ದ, ಆಕಾಶದಲ್ಲಿ ಮೋಡ ಇಲ್ಲ. ಆದ್ದರಿಂದ ಮೂಡುಗಾಳಿಗೆ ಬಲ ಜಾಸ್ತಿ.

ಹಾಯಿ ದೋಣಿಯ ಕಾಲದಲ್ಲಿ ಈ ಎರಡು ಗಾಳಿಗಳೇ ಎಂಜಿನು. ಬೆಳಗಿನ ಜಾವ ಮೂಡುಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತಿತ್ತು. ಮಧ್ಯಾಹ್ನದ ಪಡುಗಾಳಿ ಮನೆಗೆ ತರುತ್ತಿತ್ತು. ಖರ್ಚಿಲ್ಲದ ಎಂಜಿನು!

ಆದರೆ ಮೂಡುಗಾಳಿ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಗಾಳಿ ಜೋರಾಗಿದ್ದರೂ ದಡದ ಹತ್ತಿರ ಕಡಲು ಕೆರೆಯ ಹಾಗೆ ಸಪಾಟಾಗಿ ಕಾಣುತ್ತದೆ. ಯಾಕೆಂದರೆ ಅಲೆ ಬೆಳೆಯಬೇಕಾದರೆ ಗಾಳಿಗೆ ನೀರಿನ ಮೇಲೆ ಓಡಲು ಜಾಗ ಬೇಕು. ಗದ್ದೆಯಲ್ಲಿ ನೀರು ನಿಂತಾಗ ನೋಡಿ. ಗಾಳಿ ಬರುವ ಬದಿಯ ಹುಣಿಯ ಹತ್ತಿರ ನೀರು ಅಲ್ಲಾಡುವುದಿಲ್ಲ. ಆಚೆ ಬದಿಯ ಹುಣಿಗೆ ಮಾತ್ರ ಸಣ್ಣ ಅಲೆ ಬಡಿಯುತ್ತದೆ. ಕಡಲಿನಲ್ಲೂ ಹಾಗೆಯೇ. ದಡದಲ್ಲಿ ನಿಂತವನು ‘ಇವತ್ತು ಕಡಲು ಸಮಾಧಾನ ಇದೆ’ ಅಂತಾನೆ. ಹತ್ತು ಕಿಲೋಮೀಟರ್ ಹೊರಗೆ ಹೋದವನಿಗೆ ಅಲೆ ದೋಣಿಯೊಳಗೆ ಬೀಳುತ್ತದೆ. ಆಗ ಎಂಜಿನು ನಿಂತರೆ ಗಾಳಿ ದೋಣಿಯನ್ನು ದಡಕ್ಕೆ ತರುವುದಿಲ್ಲ, ಇನ್ನೂ ಪಡುವಣಕ್ಕೆ ನೂಕುತ್ತದೆ. ಹುಟ್ಟು ಹಾಕುವವರ ಮೈಯೆಲ್ಲ ಒದ್ದೆ, ಮೇಲೆ ಗಾಳಿ. ಕೈ ಬೇಗ ಸೋಲುತ್ತದೆ. ಚಿಕ್ಕ ದೋಣಿಯಲ್ಲಿ ಒಬ್ಬನೇ ಗಾಳ ಹಾಕಲು ಹೋಗುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಇಂಥ ದಿನ ದಾರಿ ತೋರಿಸುವವನು ಬೇಕು. ದೋಣಿಯಲ್ಲಿ ಆ ಕೆಲಸ ತಂಡೇಲನದು. ಅವನು ಗುಡ್ಡ, ದೊಡ್ಡ ಮರ, ಮಸೀದಿಯ ಮಿನಾರ ನೋಡಿ ದೋಣಿ ಎಲ್ಲಿದೆ ಎಂದು ಹೇಳುತ್ತಾನೆ. ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ಎಷ್ಟು ಮಾರು ಆಳ ಅಂತ ಅಳೆಯುತ್ತಾನೆ. ಹಕ್ಕಿ ಎಲ್ಲಿ ಮುಗಿಬೀಳುತ್ತದೆ, ನೀರಿನ ಬಣ್ಣ ಎಲ್ಲಿ ಬದಲಾಗಿದೆ ಎಂದು ನೋಡಿ ಬಂಗುಡೆಯ ಹಿಂಡು ಹುಡುಕುತ್ತಾನೆ. ಇದು ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಈಗ ಅಕ್ಷರದಲ್ಲೂ ದಾರಿ ತೋರಿಸುವವರು ಇದ್ದಾರೆ. ಹೈದರಾಬಾದಿನಲ್ಲಿ ‘ಇಂಕಾಯ್ಸ್’ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಇದು 1999ರಲ್ಲಿ ಶುರುವಾಯಿತು. ಕಡಲಿನ ಬಿಸಿ ಎಲ್ಲಿ ಎಷ್ಟಿದೆ, ಮೀನಿನ ಆಹಾರವಾದ ಹಸಿರು ಪಾಚಿಯಂಥ ಸೂಕ್ಷ್ಮ ಜೀವಿಗಳು ಎಲ್ಲಿ ಹೆಚ್ಚಿವೆ ಎಂದು ಉಪಗ್ರಹದಿಂದ ನೋಡುತ್ತಾರೆ. ಮೀನು ಸಿಗಬಹುದಾದ ಜಾಗ ತಿಳಿಸುತ್ತಾರೆ. ಆ ಸೂಚನೆಯಲ್ಲಿ ನೀವು ಓದಬೇಕಾದ್ದು ಮೂರು: ದಿಕ್ಕು, ದೂರ, ಆಳ. ದೂರ ಕಿಲೋಮೀಟರ್ ಲೆಕ್ಕದಲ್ಲಿ, ಆಳ ಮೀಟರ್ ಲೆಕ್ಕದಲ್ಲಿ ಇರುತ್ತದೆ. ಒಂದು ಮಾರು ಅಂದರೆ ಹೆಚ್ಚುಕಡಿಮೆ 1.8 ಮೀಟರ್. 36 ಮೀಟರ್ ಎಂದು ಬರೆದಿದ್ದರೆ 20 ಮಾರು.

ಮೀನಿನ ಸೂಚನೆಗಿಂತ ಮೊದಲು ಗಾಳಿಯ ಸೂಚನೆ ಓದಿ. ನಮ್ಮ ಜಿಲ್ಲೆಯಲ್ಲಿ ಅದು ಹೆಚ್ಚಾಗಿ ಮಲಯಾಳದಲ್ಲಿ ಬರುತ್ತದೆ. ‘ಮುನ್ನರಿಯಿಪ್ಪ್’ ಎಂದರೆ ಮುನ್ನೆಚ್ಚರಿಕೆ. ಆ ಶಬ್ದ ಕೇಳಿದ ಕೂಡಲೇ ಅಂಕಿಗೆ ಕಿವಿಗೊಡಿ. ‘ಗಂಟೆಗೆ 45ರಿಂದ 55 ಕಿಲೋಮೀಟರ್, ಒಮ್ಮೊಮ್ಮೆ 65’ ಎಂದು ಹೇಳಿದರೆ ದೋಣಿ ಇಳಿಸುವ ದಿನ ಅದಲ್ಲ. 15 ಕಿಲೋಮೀಟರ್ ಗಾಳಿ ಮೂರು ಪಟ್ಟಾಗಿ 45 ಆದರೆ ಅದು ನೂಕುವ ಬಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ತಂಡೇಲ ಎಷ್ಟೇ ಜಾಣನಾದರೂ ದೂರದಲ್ಲಿ ಹುಟ್ಟಿದ ಚಂಡಮಾರುತ ಅವನಿಗೆ ದಡದಿಂದ ಕಾಣುವುದಿಲ್ಲ.

2017ರಲ್ಲಿ ಆದದ್ದೂ ಹೀಗೆಯೇ. ನವೆಂಬರ್ 29ರಂದು ವಾಯುಭಾರ ಕುಸಿತ ಆಗಿದ್ದದ್ದು ಮರುದಿನವೇ ಕನ್ಯಾಕುಮಾರಿಯ ಹತ್ತಿರ ‘ಒಖಿ’ ಚಂಡಮಾರುತ ಆಯಿತು. ಎಚ್ಚರಿಕೆ ಬರುವ ಹೊತ್ತಿಗೆ ಎಷ್ಟೋ ದೋಣಿಗಳು ಕಡಲಿನಲ್ಲಿದ್ದವು. ಮೊಬೈಲಿನ ಸಿಗ್ನಲ್ ದಡದಿಂದ ಸ್ವಲ್ಪ ದೂರ ಮಾತ್ರ ಸಿಗುತ್ತದೆ. ಆಳ ಕಡಲಿನಲ್ಲಿದ್ದವರಿಗೆ ಸುದ್ದಿ ಮುಟ್ಟಲಿಲ್ಲ. ತಿರುವನಂತಪುರ ಮತ್ತು ಕನ್ಯಾಕುಮಾರಿ ಜಿಲ್ಲೆಗಳ ಬಹಳ ಮೀನುಗಾರರು ತೀರಿಹೋದರು. ಕೆಲವು ದೋಣಿಗಳು ಮಹಾರಾಷ್ಟ್ರದ ತನಕ ಹೋಗಿ ದಡ ಸೇರಿದವು. ಇನ್ನೊಂದು ಕಷ್ಟ ಏನಾಯಿತು ಗೊತ್ತೇ? ಕಡಲಿಗೆ ಹೋದವರು ಎಷ್ಟು ಮಂದಿ ಎಂಬ ಸರಿಯಾದ ಲೆಕ್ಕವೇ ಸಿಗಲಿಲ್ಲ. ಸರ್ಕಾರದ ಲೆಕ್ಕ ಒಂದು, ಊರವರ ಲೆಕ್ಕ ಇನ್ನೊಂದು. ಕಾಣೆಯಾದವರನ್ನು ಹುಡುಕುವವರಿಗೆ ಎಷ್ಟು ಮಂದಿಯನ್ನು ಹುಡುಕಬೇಕು ಎಂದೇ ತಿಳಿಯಲಿಲ್ಲ.

ಅದಕ್ಕೇ ಈ ವಾರದ ಬರವಣಿಗೆಗೆ ಒಂದು ಚೀಟಿ ಕೊಡುತ್ತಿದ್ದೇವೆ. ಕಡಲಿಗೆ ಹೋಗುವ ಮೊದಲು ದೋಣಿಯ ಹೆಸರು, ನಂಬರು, ಬಣ್ಣ, ಜೊತೆಗೆ ಹೋಗುವ ಎಲ್ಲರ ಹೆಸರು, ಹೊರಟ ಹೊತ್ತು, ಹೋಗುವ ದಿಕ್ಕು, ಬರುವ ಹೊತ್ತು ಬರೆದು ಮನೆಯಲ್ಲಿ ಇಟ್ಟುಹೋಗಿ. ಗಂಡ, ಮಗ, ಅಣ್ಣ ಹೋಗುವವರಾದರೆ ಅಕ್ಕಂದಿರೇ, ನೀವೇ ಕೇಳಿ ಬರೆದಿಡಿ. ಹೇಳಿದ ಹೊತ್ತಿಗೆ ಬಾರದಿದ್ದರೆ ಚೀಟಿ ಕೈಯಲ್ಲಿ ಹಿಡಿದು 1554ಕ್ಕೆ ಫೋನ್ ಮಾಡಿ. ಅದು ಕರಾವಳಿ ರಕ್ಷಣಾ ಪಡೆಯ ನಂಬರು, ಹಣ ಕೊಡಬೇಕಾಗಿಲ್ಲ. ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಆ ಚೀಟಿಯಲ್ಲೇ ಇರುತ್ತದೆ.